ಇಬ್ಬರು ಹತ್ತಿ ಒಬ್ಬರು ಇಳಿಯುವ ಮರ

"ಬಾಯಿ ಮುಚ್ಕೊಂಡು ಕೂರೋದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲಮ್ಮ," ಎಂದರು ಕ್ಯಾಂಪಿನ ಮುಖ್ಯಸ್ಥೆ ಮೇಡಂ, ಬ್ರೆಡ್ಡಿಗೆ ಜಾಮ್ ಸವರುತ್ತ. "ಇವತ್ತೊಂದು ದಿನ ನೋಡ್ತೀನಿ. ಇವತ್ತೂ ಗಂಡು ಹದ್ದು ಬರಲಿಲ್ಲ ಅಂದ್ರೆ ನಾಳೆಯಿಂದ ಮರದ ಮೇಲಿನ ಹೈಡ್ ಮೇಷ್ಟ್ರಿಗೆ. ನೀನು ಕ್ಯಾಂಪಲ್ಲೇ ಕೂತು ಬೀಜ ಆರಿಸು."

ನನಗೆ ಪಿತ್ತ ನೆತ್ತಿಗೇರಿತು. ಮೇಜಿನ ಸುತ್ತ ಕೂತವರೆಲ್ಲ ತಿಂಡಿ ತಿನ್ನುತ್ತಲೇ ಇದ್ದರು.

ಊರಿನಲ್ಲಿ ನನ್ನದು ಕೂದಲು ಕತ್ತರಿಸುವ ಅಂಗಡಿ. ಅದಕ್ಕೇ ಈ ಮಳೆಕಾಡಿನ ಕ್ಯಾಂಪಿನಲ್ಲಿ ಎಲ್ಲರೂ ನನ್ನನ್ನು ‘ಕತ್ತರಿ’ ಎನ್ನುತ್ತಾರೆ. ಹದ್ದುಗಳ ಅಧ್ಯಯನಕ್ಕೆ ಸ್ವಯಂಸೇವಕರು ಬೇಕು ಎಂಬ ಪ್ರಕಟಣೆ ನೋಡಿ ಅಂಗಡಿಯನ್ನು ಅಕ್ಕನ ಕೈಗೆ ಕೊಟ್ಟು ಹೊರಟಾಗ ಅವಳು, "ಅಲ್ಲಿ ಕೋತಿಗಳಿಗೆ ಕಟಿಂಗ್ ಮಾಡ್ತೀಯೇನೆ?" ಎಂದು ನಕ್ಕಿದ್ದಳು. ನಗಲಿ ಬಿಡಿ. ಗೂಡಿನಲ್ಲಿ ಹತ್ತಿಯುಂಡೆಯಂತಿದ್ದ ಆ ಮರಿಯನ್ನು ನೋಡಿದ ಮೊದಲ ದಿನವೇ ನಾನು ನಿಶ್ಚಯಿಸಿದ್ದೆ, ಇದು ರೆಕ್ಕೆ ಬಿಚ್ಚಿ ಹಾರುವುದನ್ನು ಕಣ್ಣಾರೆ ನೋಡದೆ ವಾಪಸ್ ಹೋಗುವುದಿಲ್ಲ ಎಂದು.

ಆದರೆ ನಾನು ಕೂತ ದಿನ ಗಂಡು ಹದ್ದು ಬೇಟೆ ತರುವುದಿಲ್ಲ. ಮೇಷ್ಟ್ರು ಕೂತ ದಿನ ತರುತ್ತದೆ. ಮೇಷ್ಟ್ರು ಅಂದರೆ ನಿವೃತ್ತ ಗಣಿತದ ಮೇಷ್ಟ್ರು, ನನ್ನಂತೆಯೇ ಸ್ವಯಂಸೇವಕರು, ಹೈಡ್‌ನಲ್ಲಿ ಗೊರಕೆ ಹೊಡೆಯುತ್ತಾರೆ. ಆ ಗೊರಕೆಗೆ ಹೆದರದ ಹದ್ದು ನನ್ನ ಬಾಯಿಗೆ ಹೆದರಿತಂತೆ! ಹೆಣ್ಣು ಹದ್ದು ಮರಿಯನ್ನು ಬಿಟ್ಟು ಕದಲುವ ಹಾಗಿಲ್ಲ, ಗಂಡು ತಂದರಷ್ಟೇ ಇಬ್ಬರಿಗೂ ಊಟ. ಮರಿ ಸೊರಗುತ್ತಿತ್ತು. ಕೂದಲು ಕತ್ತರಿಸುವವಳಿಗೆ ಮಾತು ಜಾಸ್ತಿ, ಮೇಲೆ ಕೂತು ಹಾಡಿಕೊಳ್ಳುತ್ತಾಳೆ ಎಂದು ಎಲ್ಲ ಸೇರಿ ನನ್ನ ತಲೆಯ ಮೇಲೆ ಗೂಬೆ ಕೂರಿಸಿದರು.

"ಮೇಡಂ, ನಾನು ತುಟಿ ಪಿಟಕ್ಕನ್ನಲ್ಲ. ಕೆಮ್ಮು ಬಂದ್ರೂ ಶಾಲು ಕಚ್ಚಿಕೊಂಡು ಕೂರ್ತೀನಿ."

"ಹದ್ದು ಸುಳ್ಳು ಹೇಳುತ್ತಾ?" ಎಂದರು ಮೇಡಂ.

ನಾನು ಎದುರಿಗೆ ನೋಡಿದೆ. ಅಲ್ಲಿ ‘ಹಗ್ಗ’ ಕೂತಿದ್ದರು. ಮರಗಳಿಗೆ ಹಗ್ಗ ಕಟ್ಟಿ ನಮ್ಮನ್ನು ಹತ್ತಿಸುವುದು, ಇಳಿಸುವುದು ಅವರ ಕೆಲಸ. ಅವರಾದರೂ ನನ್ನ ಪರವಾಗಿ ಒಂದು ಮಾತಾಡಬಹುದು ಎಂದುಕೊಂಡಿದ್ದೆ. ಮನುಷ್ಯ ತಟ್ಟೆಯಲ್ಲಿ ಏನೋ ಕಳೆದುಹೋಗಿದೆ ಎನ್ನುವಂತೆ ತಲೆ ತಗ್ಗಿಸಿ ಕೂತುಬಿಟ್ಟರು.

ಅವರು ನನಗೆ ಇಷ್ಟವಾಗಿದ್ದರು. ಅದೇ ದೊಡ್ಡ ಕಿರಿಕಿರಿ. ಇಷ್ಟವಿಲ್ಲದವರು ಸುಮ್ಮನಿದ್ದರೆ ನನಗೇನು?

ಮರದ ಬುಡದಲ್ಲಿ ಅವರು ನನ್ನ ಸೊಂಟಪಟ್ಟಿಯ ಬಕಲ್ ಎಳೆದು ನೋಡಿದರು. ಮತ್ತೊಮ್ಮೆ ನೋಡಿದರು. ಬೆರಳು ಪಟ್ಟಿಗೆ ತಾಗಿತೇ ಹೊರತು ನನಗೆ ತಾಗಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಒಂದ್ಸಲ ನೋಡಿದ್ರೆ ಸಾಲಲ್ವಾ?" ಎಂದೆ.

"ಎರಡು ಸಲ ನೋಡೋದು ಒಳ್ಳೇದು."

"ಮೇಷ್ಟ್ರದ್ದೂ ಎರಡು ಸಲ ನೋಡ್ತೀರಾ?"

ಅವರು ಓರೆಗಣ್ಣಲ್ಲಿ ನನ್ನನ್ನು ನೋಡಿ ಹಗ್ಗದ ಏಣಿ ಹಿಡಿದರು. ಬೇರೆ ದಿನವಾಗಿದ್ದರೆ ಆ ಓರೆನೋಟಕ್ಕೆ ನಾನು ನಕ್ಕುಬಿಡುತ್ತಿದ್ದೆ. ಆ ದಿನ ಹಲ್ಲು ಕಡಿದುಕೊಂಡು ಹತ್ತಿದೆ.

ಗೂಡಿನ ಎದುರು ಮರದಲ್ಲಿ ಎತ್ತರಕ್ಕೆ ಹಲಗೆ ಹಾಸಿ ಸುತ್ತ ಹಸಿರು ಕ್ಯಾನ್ವಾಸ್ ಕಟ್ಟಿದ ಕೋಣೆಯೇ ನಮ್ಮ ಹೈಡ್. ಅಲ್ಲಿಗೆ ಯಾವಾಗಲೂ ಇಬ್ಬರು ಹತ್ತಬೇಕು, ಆಮೇಲೆ ಒಬ್ಬರು ಹದ್ದುಗಳಿಗೆ ಕಾಣುವಂತೆ ಇಳಿದು ಕ್ಯಾಂಪಿನ ತನಕ ನಡೆದು ಹೋಗಬೇಕು. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಮನುಷ್ಯರು ಹೋದರು, ಮರ ಖಾಲಿಯಾಯಿತು ಎಂದು ಅದು ನೆಮ್ಮದಿಯಾಗಿರುತ್ತದೆ. ಹಗ್ಗ ಪ್ರತಿದಿನ ಹತ್ತಿ ಇಳಿದು ಹೋಗುವವರು. ಅವತ್ತೂ, "ಹುಷಾರು" ಎಂದು ಪಿಸುಗುಟ್ಟಿ ಇಳಿದರು.

ನಾನು ಉಸಿರು ಬಿಗಿಹಿಡಿದು ಕಾದೆ. ಹೆಣ್ಣು ಹದ್ದು ಮರಿಯ ಪಕ್ಕ ಕೂತು ಆಕಾಶ ನೋಡುತ್ತಿತ್ತು. ಮರಿ ಬಾಯಿ ತೆರೆಯುವುದು, ಮುಚ್ಚುವುದು. ಬಹಳ ಹೊತ್ತಾದ ಮೇಲೆ ಗಂಡು ಬಂತು, ಕಾಲಲ್ಲಿ ಅಳಿಲು ಹಿಡಿದುಕೊಂಡು! ಬಂದದ್ದು ಗೂಡಿನ ಮೇಲೆ ಸುತ್ತು ಹಾಕಿ, ಕೆಳಗೆ ಏನನ್ನೋ ನೋಡಿ, ಹಾಗೆಯೇ ಹೊರಟುಹೋಯಿತು.

ಅಯ್ಯೋ ದೇವರೇ, ಏನು ಕಂಡಿತು ಇದಕ್ಕೆ? ನಾನು ಹಿಂಬದಿಯ ಕ್ಯಾನ್ವಾಸನ್ನು ಚೂರು ಸರಿಸಿ ಕೆಳಗೆ ಬಗ್ಗಿದೆ.

ಪಕ್ಕದ ಮರದ ಗೋಡೆಯಂಥ ಬೇರಿನ ಸಂದಿಯಲ್ಲಿ ಹಗ್ಗ ಕೂತಿದ್ದರು. ಫ್ಲಾಸ್ಕ್ ಬೇರೆ. ದಾರಿಯಲ್ಲಿ ಹೋಗುವವರಿಗೆ ಕಾಣದಂತೆ ಚೆನ್ನಾಗಿಯೇ ಅಡಗಿದ್ದರು. ಮೇಲಿನಿಂದ ನೋಡಿದರೆ ಬಟ್ಟಲಲ್ಲಿ ಇಟ್ಟಂತೆ ಕಾಣುತ್ತಿದ್ದರು.

ವಾಕಿಟಾಕಿ ಒತ್ತಿ, ಪಿಸುದನಿಯಲ್ಲಿ ಕೇಳಿದೆ. "ಎಲ್ಲಿದ್ದೀರಿ?"

ಕೆಳಗೆ ಅವರು ತಮ್ಮದನ್ನು ಬಾಯಿಯ ಹತ್ತಿರ ಹಿಡಿದರು. "ಕ್ಯಾಂಪಲ್ಲಿ."

"ಹೌದಾ? ತಲೆ ಎತ್ತಿ ನೋಡಿ."

ನೋಡಿದರು. ಆ ಮುಖ ನೋಡಿ ನಗಬೇಕಿತ್ತು. ನನಗೆ ಮಾತ್ರ ಕಣ್ಣಿಗೆ ನೀರು ಬರುವಷ್ಟು ಸಿಟ್ಟು ಬಂತು. "ಅಲ್ಲಿ ಒಂದು ಕ್ಷಣವೂ ಇರಬೇಡಿ. ಹತ್ತಿ ಮೇಲೆ," ಎಂದೆ.

ಅವರು ಸದ್ದಿಲ್ಲದೆ ಹತ್ತಿಬಂದು ಮಂಡಿ ಮಡಚಿ ಕೂತರು. ಒಬ್ಬರಿಗೇ ಸಾಲದ ಜಾಗ ಅದು. ಜಗಳ ಆಡಬೇಕಿತ್ತು, ಆದರೆ ದನಿ ಎತ್ತುವಂತಿರಲಿಲ್ಲ. ಅವರ ಕಿವಿಗೆ ಬಾಯಿಟ್ಟು ಬೈಯಬೇಕಾಯಿತು.

"ದಿನಾ ಇಲ್ಲೇ ಕೂರ್ತಿದ್ರಾ?"

"ನಿಮ್ಮ ದಿನ ಮಾತ್ರ."

"ಯಾಕೆ?"

"ಮೊದಲ ದಿನ ನೀವು ಏಣಿ ಮಧ್ಯದಲ್ಲೇ ನಿಂತುಬಿಟ್ರಿ. ಏನಾದ್ರೂ ಆದ್ರೆ ಯಾರಿರ್ತಾರೆ ಅಂತ ಕೇಳಿದ್ರಿ. ನಾನಿರ್ತೀನಿ ಅಂದೆ."

"ಮೇಷ್ಟ್ರು ಬಿದ್ರೆ ಪರವಾಗಿಲ್ವಾ?"

"ಮೇಷ್ಟ್ರು ಕೇಳಲಿಲ್ಲ."

"ಜೀವಮಾನ ಎಲ್ಲಾ ಮರದ ಮೇಲಿರೋರು ನೀವು. ಮೇಲಿಂದ ಏನು ಕಾಣುತ್ತೆ ಅಂತ ಗೊತ್ತಿಲ್ವಾ?"

"ಗೊತ್ತಿರಬೇಕಿತ್ತು," ಎಂದರು. "ನಾನು ಹದ್ದಿನ ಕಡೆ ಯೋಚನೆ ಮಾಡ್ತಿರಲಿಲ್ಲ. ಈಗ ಹೊಳೀತು."

"ಅದು ಹೋಗಲಿ. ನಾನು ಮೇಲೆ ಹಾಡಿದ್ದು ಕೇಳಿದ್ರಾ? ಒಂದು ದಿನ, ಒಂದು ಶಬ್ದ?"

"ಇಲ್ಲ. ಒಂದು ಸಲವೂ ಇಲ್ಲ."

"ಅಂದ್ರೆ ಇಡೀ ಕ್ಯಾಂಪಲ್ಲಿ ಅದು ಗೊತ್ತಿದ್ದಿದ್ದು ನಿಮಗೊಬ್ಬರಿಗೇ. ಬೆಳಿಗ್ಗೆ ಅಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೀವಾಗ ತಟ್ಟೆ ನೋಡ್ತಾ ಕೂತಿದ್ರಿ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಒಂದು ಮಾತು ಹೇಳಕ್ಕೆ ಏನಾಗಿತ್ತು?"

"ನಿಮಗೆ ಹೇಗೆ ಗೊತ್ತು ಅಂತ ಕೇಳಿದ್ರೆ ಏನು ಹೇಳಲಿ? ನಿಜ ಹೇಳಿದ್ರೆ ಎಲ್ಲಾ ಹೇಳಬೇಕಾಗ್ತಿತ್ತು."

"ಎಲ್ಲಾ ಅಂದ್ರೆ?"

ಅವರು ನನ್ನನ್ನು ನೋಡಿದರು. ಇಷ್ಟು ದಿನ ಕದ್ದು ಕದ್ದು ನೋಡಿದ ಕಣ್ಣು ಅವು. ಇಷ್ಟು ಹತ್ತಿರದಲ್ಲಿ ಅವಕ್ಕೆ ಓಡಿಹೋಗಲು ಜಾಗವಿರಲಿಲ್ಲ. "ನಿಮ್ಮನ್ನ ಮೇಲೆ ಬಿಟ್ಟು ನಾಲ್ಕು ಹೆಜ್ಜೆ ಇಟ್ರೆ ಕಾಲು ಮುಂದೆ ಬರಲ್ಲ ನನಗೆ. ಅಷ್ಟೇ ವಿಷಯ," ಎಂದರು.

ಆ ಮಾತು ನನಗೆ ಹಿತವಾಯಿತು. ಅದಕ್ಕೂ ಸಿಟ್ಟೇ ಬಂತು. ಯಾವ ಹೆಣ್ಣಿಗಾದರೂ ಕೇಳಬೇಕೆನಿಸುವ ಮಾತನ್ನು ಈ ಮನುಷ್ಯ ನನ್ನ ಮೇಲೆ ಅಪವಾದ ಬರಲು ಬಿಟ್ಟ ಮೇಲೆಯೇ ಹೇಳಬೇಕೇ?

ಅಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದು ಕಿಂಡಿಯ ಕಡೆ ತಿರುಗಿಸಿದರು. ಗಂಡು ಹದ್ದು ಮರಳಿ ಬಂದಿತ್ತು. ಕೆಳಗೆ ಈಗ ಯಾರೂ ಇರಲಿಲ್ಲ. ಅದು ಒಂದೇ ಸುತ್ತಿಗೆ ಇಳಿದು ಅಳಿಲನ್ನು ಹೆಣ್ಣಿನ ಕಾಲಬಳಿ ಇಟ್ಟಿತು. ಹೆಣ್ಣು ಚೂರು ಚೂರೇ ಹರಿದು ಕೊಟ್ಟಿತು, ಮರಿ ಗಬಗಬ ನುಂಗಿತು. ನಾವಿಬ್ಬರೂ ಉಸಿರಾಡದೆ ನೋಡಿದೆವು. ಅವರು ಮಣಿಕಟ್ಟು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಎಲ್ಲ ಮುಗಿದ ಮೇಲೆ ಮತ್ತೆ ಅವರ ಕಿವಿಗೆ ಬಗ್ಗಿದೆ. "ಇವತ್ತು ಊಟಕ್ಕೆ ಕೂತಾಗ ಮೇಡಂ ಮುಂದೆ ಹೇಳಬೇಕು. ಎಲ್ಲಾ."

"ಎಲ್ಲಾನಾ?"

"ಅಪವಾದ ಎಲ್ಲರ ಮುಂದೆ ಬಂತು. ಪ್ರೀತಿ ಮಾತ್ರ ಮರದ ಹಿಂದೆ ಬೇಡ."

ಊಟದ ಮೇಜಿನಲ್ಲಿ ಅವರು ತಾವಾಗಿ ಎದ್ದು ನಿಂತರು. "ಮೇಡಂ, ಕತ್ತರಿ ಒಂದು ದಿನವೂ ಸದ್ದು ಮಾಡಿಲ್ಲ. ಹದ್ದು ಹೆದರಿದ್ದು ನನಗೆ. ಅವರು ಕೂತ ದಿನ ನಾನು ಕ್ಯಾಂಪಿಗೆ ಬರದೆ ಕೆಳಗೇ ಇರ್ತಿದ್ದೆ."

ಮೇಡಂ ಚಮಚ ಕೆಳಗಿಟ್ಟರು. "ಬೆಳಿಗ್ಗೆ ಯಾಕಯ್ಯಾ ಬಾಯಿ ಬಿಡಲಿಲ್ಲ?"

"ಹೆದರಿಕೆ ಮೇಡಂ. ತಪ್ಪಾಯ್ತು."

"ಏನಕ್ಕೆ ಕೂರ್ತಿದ್ದೆ ಅಲ್ಲಿ?"

ಹಗ್ಗ ತಟ್ಟೆಯ ಕಡೆ ನೋಡಲು ಹೊರಟರು. ನಾನು ಗಂಟಲು ಸರಿಮಾಡಿಕೊಂಡೆ. ಅವರು ತಟ್ಟನೆ ತಲೆ ಎತ್ತಿದರು. "ಇವರನ್ನ ಬಿಟ್ಟು ಬರಕ್ಕೆ ಮನಸ್ಸಾಗ್ತಿರಲಿಲ್ಲ. ಇವರು ಅಂದ್ರೆ ನನಗೆ ಪ್ರಾಣ."

ಮೇಷ್ಟ್ರಿಗೆ ನೆತ್ತಿಗೆ ಹತ್ತಿತು, ಯಾರೋ ಅವರ ಬೆನ್ನು ತಟ್ಟಿದರು. ಮೇಡಂ ಹಗ್ಗ ಅವರಿಗೆ ಮುಖ ಮುರಿಯುವಂತೆ ಬೈದು, ಮರಿಗೆ ಏನಾದರೂ ಆಗಿದ್ದರೆ ಈ ಕಾಡಿನಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನನ್ನದೂ ತಪ್ಪಮ್ಮ. ಮರಿ ಹಾರೋ ತನಕ ಹೈಡ್ ನಿಂದೇ," ಎಂದರು. ಯಾರಿಗೂ ಕಾಣದಂತೆ ಶಾಲಿನಲ್ಲಿ ಕಣ್ಣೊರೆಸಿಕೊಂಡೆ.

ಮರುದಿನ ಹೈಡ್‌ನಲ್ಲಿ ನನ್ನನ್ನು ಕೂರಿಸಿ ಅವರು ಏಣಿಯ ಮೇಲೆ ಒಂದು ಕಾಲಿಟ್ಟು ನಿಂತರು. "ಸಿಟ್ಟು ಇಳೀತಾ?"

"ಇಲ್ಲ."

"ಮರಿ ಹಾರಿದ ಮೇಲೆ ನೀವು ಹೊರಟುಬಿಡ್ತೀರಿ. ಆಗ ನಾನೇನು ಮಾಡಲಿ?"

"ಹಿಂದೇನೇ ಬನ್ನಿ," ಎಂದೆ. "ನನ್ನ ಅಂಗಡಿ ಎದುರಿಗೆ ಒಂದು ಬೆಂಚಿದೆ. ಬೆಳಗಿಂದ ಸಂಜೆ ತನಕ ಕೂತ್ಕೊಂಡು ನೋಡಿ. ಅಲ್ಲಿ ಯಾರ ಮರಿಯೂ ಉಪವಾಸ ಬೀಳಲ್ಲ."

ಅವರ ಮುಖವೆಲ್ಲ ನಗುವಾಯಿತು. ನನಗೂ ನಗು ಬಂತು, ತಡೆದುಕೊಂಡೆ. "ಈಗ ಹೋಗಿ. ಮರಿ ಕಾಯ್ತಿದೆ."

ಅವರು ಇಳಿದು, ಕಾಲುದಾರಿ ಹಿಡಿದು, ಕ್ಯಾಂಪಿನ ಕಡೆ ನಡೆದೇ ನಡೆದರು. ಎಲೆಗಳ ಮಧ್ಯೆ ಅವರ ಅಂಗಿ ಮರೆಯಾಗುವ ತನಕ ನೋಡಿದೆ. ಪುಣ್ಯಾತ್ಮ ಒಂದೇ ಒಂದು ಸಲವೂ ತಿರುಗಿ ನೋಡಲಿಲ್ಲ.