ಎರಡನೆಯ ಸಾಲಿಮ್

"ಆ ಕಲ್ಲಿನ ಮೇಲಿಂದ ಕೈ ತೆಗೀರಿ!"

ಹಳೆಯ ಮಸೀದಿಯ ಹಿಂದೆ, ಗೋರಿಯ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದ ಆ ಅಪರಿಚಿತ ಬೆಚ್ಚಿ ತಿರುಗಿದ. ಕೈತುಂಬ ಗಾರೆಯ ಧೂಳು. ಕಣ್ಣಲ್ಲಿ ನೀರು!

ಬಯ್ಯಲು ಬಂದಿದ್ದ ರಯ್ಯಾ ಒಂದು ಗಳಿಗೆ ತಡವರಿಸಿದಳು.

"ಇದು ನಮ್ಮ ಹಿರಿಯರ ಗೋರಿ," ಎಂದ ಅವನು ಮೆಲ್ಲಗೆ. "ಹಿಲಾಲರ ಮಗ ಸಾಲಿಮ್."

"ನಿಮ್ಮ ಹಿರಿಯರಾ? ಇವರು ನಮ್ಮ ಸಾಲಿಮ್. ಈ ಮಸೀದಿ ಕಟ್ಟಿದವರು. ನಮ್ಮಜ್ಜ ದಿನಾ ಹೇಳ್ತಾರೆ."

"ನಮ್ಮಜ್ಜನೂ ದಿನಾ ಹೇಳ್ತಿದ್ರು. ಆದ್ರೆ ಝಾಂಜಿಬಾರಿನಲ್ಲಿ ಕೂತು! ಸಾಲಿಮ್ ಹಡಗು ಹತ್ತಿ ಅಲ್ಲಿಗೆ ಬಂದ್ರು, ಮುಪ್ಪಿನಲ್ಲಿ ಊರಿಗೆ ವಾಪಸು ಹೋದ್ರು ಅಂತ."

"ಹೋದವರು ಯಾರೂ ವಾಪಸು ಬಂದಿಲ್ಲ. ಬೇರೆ ಕಡೆ ಹುಡುಕಿ!"

ಅವನು ನಕ್ಕುಬಿಟ್ಟ. ಆ ನಗುವಿಗೆ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟೊಂದೇ ಅಲ್ಲ...

ಅರಬರ ನಾಡಿನಲ್ಲಿ, ನಿಝ್ವಾದ ಬೆಟ್ಟದಡಿಯ ಆ ಹಳ್ಳಿಯಲ್ಲಿ ಗೋರಿಗೆ ಹೆಸರು ಕೆತ್ತುವುದಿಲ್ಲ. ಎರಡು ಒರಟು ಕಲ್ಲು, ಅಷ್ಟೇ. ಹೆಸರು ಉಳಿಯುವುದು ಮಕ್ಕಳ ನಾಲಿಗೆಯ ಮೇಲೆ, ಲೆಕ್ಕವಿರುವುದು ಅಲ್ಲಾಹನ ಬಳಿ.

ಬಂದವನ ಹೆಸರು ಖಲ್ಫಾನ್. ಮಸೀದಿಯ ಬಿರುಕು ಬಿಟ್ಟ ಗೋಡೆಗಳನ್ನು ರಿಪೇರಿ ಮಾಡಲು ಬಂದ ಗಾರೆ ಕೆಲಸದ ಮೇಸ್ತ್ರಿ. ಎರಡು ತಿಂಗಳು ರಯ್ಯಾಳ ಅಜ್ಜಿ ಶಮ್ಸಾ ಅವನಿಗೆ ಕಾಫಿ, ಖರ್ಜೂರ ಕೊಂಡೊಯ್ಯುತ್ತಿದ್ದಳು. ಜೊತೆಗೆ ರಯ್ಯಾ.

"ನಿನಗೆ ದಾರಿ ಗೊತ್ತಲ್ಲ ಅಜ್ಜಿ, ನಾನ್ಯಾಕೆ?"

"ಹೂಜಿ ಭಾರ ಕಣೇ," ಎನ್ನುತ್ತಿದ್ದಳು ಅಜ್ಜಿ, ಖಾಲಿ ಹೂಜಿ ಮರಳಿ ತರುವಾಗಲೂ!

ಕೊನೆಗೊಂದು ದಿನ ಖಲ್ಫಾನ್ ಬಿಳಿಯ ನಿಲುವಂಗಿ ತೊಟ್ಟು ಅವರ ಮನೆಯ ಹಜಾರದಲ್ಲಿ ಕುಳಿತ. ಅಜ್ಜ ಹಿಲಾಲ್ ತಾವೇ ಕಾಫಿ ಬಗ್ಗಿಸಿ ಕೊಟ್ಟರು. ಅವನು ಕುಡಿಯದೆ ಬಟ್ಟಲನ್ನು ಮುಂದಿಟ್ಟ. ಹೆಣ್ಣು ಕೇಳಲು ಬಂದವನು ಒಪ್ಪಿಗೆ ಸಿಗುವವರೆಗೆ ಕಾಫಿ ಮುಟ್ಟುವುದಿಲ್ಲ.

ಪರದೆಯ ಹಿಂದೆ ರಯ್ಯಾ ಕಿವಿಗೊಟ್ಟು ನಿಂತಿದ್ದಳು.

"ನಿನ್ನ ಕುಲ ಹೇಳಪ್ಪ," ಎಂದರು ಅಜ್ಜ.

ಖಲ್ಫಾನ್ ಒಂದೊಂದೇ ಹೆಸರು ಹೇಳುತ್ತಾ ಹೋಗಿ, "ಹಿಲಾಲರ ಮಗ ಸಾಲಿಮ್, ಸಮುದ್ರ ದಾಟಿದವರು," ಎಂದು ನಿಲ್ಲಿಸಿದ.

ಅಜ್ಜನ ಮುಖ ಕೆಂಪಾಯಿತು. "ಹಿಲಾಲರ ಮಗ ಸಾಲಿಮ್ ಒಬ್ಬರೇ! ಮಸೀದಿ ಕಟ್ಟಿದವರು, ರಂಜಾನಿನ ಉಪವಾಸದವರಿಗೆ ಅಂತ ಖರ್ಜೂರದ ತೋಟ ಬರೆದುಕೊಟ್ಟವರು. ಅವರು ಇಲ್ಲೇ ಮಣ್ಣಾದ್ರು. ಅವರ ಹೆಸರು ಕದಿಯೋನಿಗೆ ನನ್ನ ಮೊಮ್ಮಗಳಾ? ಹೋಗು!"

ಖಲ್ಫಾನನ ಕೈ ಎದೆಯ ಜೇಬಿಗೆ ಹೋಯಿತು... ಹಾಗೆಯೇ ಕೆಳಗಿಳಿಯಿತು. ಒಂದು ಮಾತೂ ಆಡದೆ ಎದ್ದು ಹೋದ.

ಬಟ್ಟಲಲ್ಲಿ ಕಾಫಿ ಆರಿಹೋಯಿತು.

*ಯಾಕೆ ಸುಮ್ಮನಾದ? ಹಾಗಾದ್ರೆ ಹೇಳಿದ್ದೆಲ್ಲ ಸುಳ್ಳಾ?* ರಯ್ಯಾ ಆರಿದ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಜ್ಜಿ ಒಲೆಯ ಮುಂದಿನಿಂದ ಕೂಗಿದಳು, "ಹಿಲಾಲ್! ಸೌದೆ ತಾ!"

ಅಂಗಳದಲ್ಲಿ ಎರಡು ತಲೆಗಳು ಒಟ್ಟಿಗೆ ತಿರುಗಿದವು. ಒಂದು ಅಜ್ಜನದು. ಇನ್ನೊಂದು ಸೈನ್ಯದಿಂದ ರಜೆಯಲ್ಲಿ ಬಂದಿದ್ದ ರಯ್ಯಾಳ ಅಣ್ಣನದು.

"ನಿಮ್ಮನ್ನಲ್ಲ ಮುದುಕಪ್ಪ, ಕೂತ್ಕೊಳ್ಳಿ!"

ಎಲ್ಲರೂ ನಕ್ಕರು. ರಯ್ಯಾ ನಗಲಿಲ್ಲ. ಅಣ್ಣನಿಗೆ ಅಜ್ಜನ ಹೆಸರು. ಅಪ್ಪನಿಗೆ ಮುತ್ತಜ್ಜನ ಹೆಸರು. ತಲೆತಲಾಂತರದಿಂದ ಹೀಗೆಯೇ... ಹಾಗಿದ್ದರೆ ಹಿಲಾಲರ ಮಗ ಸಾಲಿಮ್ ಒಬ್ಬರೇ ಹೇಗಾದಾರು?

ಅವಳು ಹಜಾರದ ಗೋಡೆಗೆ ತೂಗುಹಾಕಿದ್ದ, ಆ ಖರ್ಜೂರದ ತೋಟದ ದಾನಪತ್ರದ ಮುಂದೆ ನಿಂತಳು. ಕೆಳಗಿನ ಅರ್ಧ ಗೆದ್ದಲಿಗೆ ಹೋಗಿತ್ತು, ತಲೆಬರಹದ ಇಸವಿ ಮಾತ್ರ ಉಳಿದಿತ್ತು. ಹಿಜರಿ ಸಾವಿರದ ಇನ್ನೂರ ಮೂವತ್ತೈದು. ಅಜ್ಜಿಯ ಕೈ ಹಿಡಿದು ಮಸೀದಿಗೆ ಓಡಿದಳು. ಖಲ್ಫಾನ್ ಹಳೆಯ ಗಾರೆ ಕೆರೆದಿದ್ದ ಕಡೆ, ನಮಾಜಿನ ದಿಕ್ಕು ತೋರುವ ಗೋಡೆಗೂಡಾದ ಮಿಹ್ರಾಬಿನ ಅಂಚಿನಲ್ಲಿ, ಮಸೀದಿ ಕಟ್ಟಿದ ಇಸವಿ ಮೇಲೆದ್ದಿತ್ತು. ಸಾವಿರದ ನೂರ ಅರವತ್ತು.

ನಡುವೆ ಎಪ್ಪತ್ತೈದು ವರ್ಷ!

ಖಲ್ಫಾನ್ ಅಲ್ಲೇ ಕರಣೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ನೀವು ಇದನ್ನ ನೋಡಿದ್ರಿ. ಸಾಲಿಮ್ ಇಬ್ಬರು ಅಂತ ನಿಮಗೆ ಗೊತ್ತಿತ್ತು!"

"ಹೋದ ವಾರ ಗೊತ್ತಾಯ್ತು. ಮಸೀದಿ ಕಟ್ಟಿದವರು ತಾತ. ಸಮುದ್ರ ದಾಟಿದವರು ಅದೇ ಹೆಸರಿನ ಮೊಮ್ಮಗ. ನಮ್ಮನೇಲೂ ಇಬ್ಬರನ್ನ ಒಬ್ಬರೇ ಮಾಡ್ಕೊಂಡಿದ್ವಿ."

"ಮತ್ತೆ ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?"

ಅವನು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. ಸಮುದ್ರ ದಾಟಿದ ಸಾಲಿಮ್ ಜೊತೆಗೆ ಒಯ್ದಿದ್ದ, ಅದೇ ದಾನಪತ್ರದ ಜೋಡಿ ಪ್ರತಿ, ಪೂರ್ತಿ ಇತ್ತು.

"ತೋಟ ಕೊಟ್ಟವರು ನಮ್ಮ ಸಾಲಿಮ್. ಪ್ರತಿ ರಂಜಾನಿನಲ್ಲೂ ನಿಮ್ಮಜ್ಜ, 'ಕೊಟ್ಟವರ ಕುಲ ನಾವು' ಅಂತ ಎದೆ ಉಬ್ಬಿಸಿ ಹೇಳ್ತಾರಂತೆ. ಅವರ ಮನೇಲಿ ಕೂತು ಅದನ್ನ ಕಿತ್ಕೊಳ್ಳಲಾ? ನಾನು ಕೇಳೋಕೆ ಬಂದಿದ್ದು ನಿಮ್ಮನ್ನ, ತೋಟವನ್ನಲ್ಲ."

ರಯ್ಯಾಳ ಕಣ್ಣು ಮಂಜಾಯಿತು. ಅಜ್ಜಿ ಮುಖ ತಿರುಗಿಸಿ ಕೆಮ್ಮಿದಳು.

ಪತ್ರದ ಕೊನೆಯ ಸಾಲು ಓದುತ್ತಿದ್ದಂತೆ ರಯ್ಯಾ ತಲೆಯೆತ್ತಿದಳು. "ಇದನ್ನ ಕೊಡಿ. ಅಜ್ಜನಿಂದ ಏನೂ ಕಿತ್ಕೊಂಡ ಹಾಗಾಗಲ್ಲ!"

ಮನೆಯಲ್ಲಿ ಅಜ್ಜನ ಮುಂದೆ ಕುಳಿತಳು.

"ಅಜ್ಜಾ, ಮಸೀದಿ ಕಟ್ಟಿದಾಗ ಸಾಲಿಮರಿಗೆ ಎಷ್ಟು ವಯಸ್ಸು?"

"ಮೂವತ್ತಾದ್ರೂ ಆಗಿರಬೇಕು."

"ಹಾಗಾದ್ರೆ ತೋಟ ಬರೆದಾಗ ನೂರೈದು."

"ಆಗಿನವರು ಗಟ್ಟಿ ಕಣೇ!"

"ನೂರೈದಕ್ಕೆ? ನಿಮಗೆ ಎಂಬತ್ತಕ್ಕೇ ಚಪ್ಪಲಿ ಸಿಗಲ್ಲ," ಎಂದಳು ಅಜ್ಜಿ.

ರಯ್ಯಾ ಪತ್ರ ಓದಿದಳು. "ಹಿಲಾಲನ ಮಗನಾದ ಸಾಲಿಮ್ ಎಂಬ ನಾನು, ಈ ತೋಟವನ್ನು ಉಪವಾಸ ಬಿಡುವವರಿಗೆಂದು ಕೊಟ್ಟು ಸಮುದ್ರ ದಾಟುತ್ತಿದ್ದೇನೆ. ತಮ್ಮ ನಾಸಿರ್ ಇಲ್ಲೇ ಉಳಿದು ಮರಗಳಿಗೆ ನೀರುಣಿಸುವನು. ಅವನನ್ನೂ ಅವನ ಮಕ್ಕಳನ್ನೂ ನಂಬಿದ್ದೇನೆ."

ನಾಸಿರ್! ಅಜ್ಜನ ಕುಲದ ಸರಣಿಯಲ್ಲಿ ಆ ಹೆಸರಿತ್ತು. ಆದರೆ ಅದನ್ನು ಯಾರೂ ನಿಂತು ಹೇಳಿದ್ದಿಲ್ಲ, ಸಾಲಿಮನ ಕಡೆಗೆ ಓಡುವ ಅವಸರದಲ್ಲಿ ದಾಟಿಹೋಗುತ್ತಿದ್ದರು.

ಅಜ್ಜ ಪತ್ರವನ್ನು ತೆಗೆದುಕೊಂಡು ಆ ಹೆಸರಿನ ಮೇಲೆ ಬೆರಳಿಟ್ಟರು. "ಇಷ್ಟು ರಂಜಾನ್... ನಾಸಿರನ ಅಣ್ಣ ಕೊಟ್ಟ ದಾನಕ್ಕೆ ನಾನು ಎದೆ ಉಬ್ಬಿಸಿದೆನಲ್ಲ ಮಗಳೇ."

"ನಾವು ನೀರು ಹಾಕಿದವರ ಕುಲ ಅಜ್ಜಾ. ಅವರು ಒಂದು ದಿನ ಕೊಟ್ರು. ನಾವು ಇನ್ನೂರು ವರ್ಷ ಒಂದು ರಂಜಾನೂ ತಪ್ಪಿಸಿಲ್ಲ. ಅವರು ನಂಬಿದ್ರು... ನಾವು ಉಳಿಸ್ಕೊಂಡ್ವಿ!"

ಮುದುಕರ ಬೆನ್ನು ನಿಧಾನವಾಗಿ ನೆಟ್ಟಗಾಯಿತು.

ರಂಜಾನಿನ ಮೊದಲ ಸಂಜೆ. ಮಸೀದಿಯ ಅಂಗಳದಲ್ಲಿ ಊರೆಲ್ಲ ಚಾಪೆಯ ಮೇಲೆ ಕುಳಿತಿತ್ತು. ಖರ್ಜೂರದ ತಟ್ಟೆ ಹಿಡಿದು ಅಜ್ಜ ಹಿಲಾಲ್ ಎದ್ದು ನಿಂತರು.

"ಇಷ್ಟು ವರ್ಷ ನಾನು ತಪ್ಪು ಹೇಳಿದೆ. ಮಸೀದಿ ಕಟ್ಟಿದ್ದು ತಾತ ಸಾಲಿಮ್. ತೋಟ ಕೊಟ್ಟಿದ್ದು ಮೊಮ್ಮಗ ಸಾಲಿಮ್. ಅವರ ಕುಡಿ ಇಲ್ಲಿ ಕೂತಿದ್ದಾನೆ, ನೋಡಿ! ನಾನು ನೀರು ಹಾಕಿದ ನಾಸಿರನ ಕುಲ. ಅಲ್ಲಾಹ್ ಇಬ್ಬರ ಸೇವೆಯನ್ನೂ ಸ್ವೀಕರಿಸಲಿ."

ಮೊದಲ ಖರ್ಜೂರವನ್ನು ಖಲ್ಫಾನನ ಕೈಗಿಟ್ಟರು. ಹೆಂಗಸರ ಸಾಲಿನಲ್ಲಿ ಕುಳಿತ ರಯ್ಯಾಗೆ ಅಜ್ಜ ಅಷ್ಟು ಎತ್ತರವಾಗಿ ಎಂದೂ ಕಂಡಿರಲಿಲ್ಲ.

ನಮಾಜಿನ ನಂತರ ಅದೇ ಹಜಾರ, ಅದೇ ಬಟ್ಟಲು. ಅಜ್ಜ ಬಿಸಿ ಕಾಫಿ ಬಗ್ಗಿಸಿದರು.

"ಆವತ್ತಿನದು ಆರಿಹೋಯ್ತು. ಇದನ್ನ ಕುಡಿಯಪ್ಪ."

ಖಲ್ಫಾನ್ ಪರದೆಯ ಕಡೆ ನೋಡಿದ. ಒಳಗಿನಿಂದ ಅಜ್ಜಿಯ ದನಿ, "ಅಲ್ಲೇನು ನೋಡ್ತೀಯಾ? ಅವಳದು ಎರಡು ತಿಂಗಳ ಹಿಂದೆಯೇ ಒಪ್ಪಿಗೆ!"

ಅವನು ಒಂದೇ ಗುಟುಕಿಗೆ ಕುಡಿದ.

ಹೊರಡುವಾಗ ಬಾಗಿಲಲ್ಲಿ ರಯ್ಯಾ ಎದುರಾದಳು.

"ಗೋರಿಯ ಕಲ್ಲು ಮುಟ್ಟಬಹುದಾ ಇನ್ನು?" ಕೇಳಿದ ಖಲ್ಫಾನ್.

"ಮುಟ್ಟಿ. ಅದು ತಾತ ಸಾಲಿಮರದು, ನಮ್ಮಿಬ್ಬರಿಗೂ ಹಿರಿಯರಲ್ವಾ..."

"ನನ್ನ ಅಪ್ಪನ ಹೆಸರೂ ಸಾಲಿಮ್. ಮೊದಲ ಮಗನಿಗೆ ಅದನ್ನೇ ಇಡಬೇಕು," ಎಂದ ಅವನು ತುಂಟತನದಿಂದ.

ರಯ್ಯಾ ನಾಚಿ ತಲೆ ತಗ್ಗಿಸಿದಳು. ಆದರೂ ಬಿಡಲಿಲ್ಲ.

"ಇಡೋಣ. ಪಕ್ಕದಲ್ಲಿ ಹುಟ್ಟಿದ ಇಸವಿ ನಾನೇ ಬರೀತೀನಿ. ಎರಡನೆಯವನು ಮಾತ್ರ ನಾಸಿರ್!"