ಕ್ಯಾಮೆರಾ ನುಂಗಿದ ಮಾತು

"ಆ ಬಳೆ ತೆಗೀತೀರಾ, ಇಲ್ವಾ?!"

ರಾಜಮತಿಗೆ ಮೈಯೆಲ್ಲ ಉರಿದುಹೋಯಿತು. ತನ್ನದೇ ಮನೆಯ ಜಗಲಿಯಲ್ಲಿ ನಿಂತು ತನ್ನನ್ನೇ ಗದರಿಸುವ ಈ ಮನುಷ್ಯ ಯಾರು?

"ತೆಗೆಯುವುದಿಲ್ಲ. ಬರಿಗೈಯಲ್ಲಿ ನಿಲ್ಲುವ ಕ್ರಮ ನಮ್ಮಲ್ಲಿ ಇಲ್ಲ."

"ಹಾಗಾದ್ರೆ ಕೈ ಅಲ್ಲಾಡಿಸಬೇಡಿ. ನಿಮ್ಮಜ್ಜಿ ಹಾಡಿಗಿಂತ ನಿಮ್ಮ ಬಳೆ ಸದ್ದೇ ಜೋರಾಗಿ ಬರ್ತಿದೆ."

"ನಿಮ್ಮ ಯಂತ್ರ ಕಿರ್ರ್ ಅಂತ ಅರಚುವುದು ಮಾತ್ರ ನಿಮಗೆ ಕೇಳುವುದಿಲ್ಲವಾ?"

ಅವನು ತಲೆಯೆತ್ತಿ ನೋಡಿದ. ಅಲ್ಲಿಯವರೆಗೆ ಬಳೆಯನ್ನಷ್ಟೇ ನೋಡಿದ್ದವನು ಈಗ ಬಳೆ ತೊಟ್ಟವಳನ್ನು ನೋಡಿದ. ಬೈಯಲು ತೆರೆದ ಬಾಯಿ ಹಾಗೆಯೇ ನಿಂತುಹೋಯಿತು!

ಅವನ ಹೆಸರು ಸುಕುಮಾರ. ಹಾಸನದ ಕಡೆಯ ಜೈನರ ಹುಡುಗ. ಹಳೆಯ ಮದುವೆ ಹಾಡುಗಳನ್ನು ಬಲ್ಲ ಹಿರಿಯರನ್ನು ಮಾತಾಡಿಸಿ, ಚಿತ್ರವನ್ನೂ ಧ್ವನಿಯನ್ನೂ ಹಿಡಿದು ತರಲು ಮೂಡುಬಿದಿರೆಗೆ ಬಂದಿದ್ದ. ಅಲ್ಲಿಂದ ಪುತ್ತಿಗೆಯ ಈ ಮನೆಗೆ. ಧ್ವನಿಯ ಕೆಲಸದವನು ಜ್ವರದಿಂದ ಮಂಗಳೂರಿನಲ್ಲೇ ಮಲಗಿಬಿಟ್ಟಿದ್ದರಿಂದ ಇವನು ಒಂದು ಉಪಾಯ ಹೂಡಿದ್ದ. ಕಮ್ಮಾರನಿಂದ ಕಬ್ಬಿಣದ ಪಟ್ಟಿ ಮಾಡಿಸಿ, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿಗೇ ಟೇಪ್ ರೆಕಾರ್ಡರನ್ನೂ ಮೈಕನ್ನೂ ಬಿಗಿದಿದ್ದ. ಕಣ್ಣು ಕ್ಯಾಮೆರಾದಲ್ಲಿ, ಕಿವಿ ಇಯರ್‌ಫೋನಿನಲ್ಲಿ, ಕೈ ಎರಡಕ್ಕೂ. ಆದರೆ ಕೀಲಿ ಕೊಟ್ಟು ಓಡಿಸುವ ಆ ಕ್ಯಾಮೆರಾದ ಕಿರ್ರ್ ಸದ್ದು ಪಕ್ಕದಲ್ಲೇ ಇದ್ದ ಮೈಕಿಗೆ ತುಂಬಿಕೊಳ್ಳುತ್ತಿತ್ತು.

"ರೆಕಾರ್ಡರನ್ನು ದೂರ ಇಡಬಹುದಲ್ಲ?" ಎಂದಳು ರಾಜಮತಿ, ಸಿಟ್ಟು ಸ್ವಲ್ಪ ಇಳಿದ ಮೇಲೆ.

"ಇಟ್ರೆ ನೋಡ್ಕೊಳ್ಳೋರು ಯಾರು? ನಂಗಿರೋದು ಎರಡೇ ಕೈ."

"ನನ್ನದು ಉಂಟಲ್ಲ..." ಎಂದುಬಿಟ್ಟಳು. ಅಂದ ಮೇಲೆ ನಾಚಿಕೆಯಾಯಿತು.

"ಅದ್ರಲ್ಲಿ ಬಳೆ ಇದೆಯಲ್ಲ!" ಎಂದು ಅವನು ನಕ್ಕ.

ಅಜ್ಜಿಯೂ ನಕ್ಕರು. ನಗುವಾಗ ಅವರಿಗೆ ಕೆಮ್ಮು ಬಂತು. ಗಂಟಲಲ್ಲಿ ಗಡ್ಡೆ ಇತ್ತು. ಸ್ವರ ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಅಜ್ಜಿಯ ಮಗ, ರಾಜಮತಿಯ ಸೋದರಮಾವ ಜಿನರಾಜಯ್ಯ, ಹೊರಗಿನವನೊಬ್ಬ ಮನೆಯ ಜಗಲಿಯಲ್ಲಿ ಯಂತ್ರ ಹೂಡುವುದಕ್ಕೆ ಒಪ್ಪಿದ್ದು. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ ಅದು. ಮಾವನ ಮಾತೇ ಮನೆಯ ಮಾತು.

ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ರಾಜಮತಿ ಕನ್ನಡದಲ್ಲಿ ಅವನಿಗೆ ಹೇಳಬೇಕು. ಕೆಲಸ ಅಷ್ಟೇ. ಆದರೆ ಎರಡು ಮಾತಿನ ಕೆಲಸಕ್ಕೆ ಇಪ್ಪತ್ತು ಮಾತು ಆಗತೊಡಗಿದವು!

"ತುಳು ಅಂದ್ರೆ ಕಷ್ಟನಾ?" ಎಂದು ಅವನು ಒಂದು ದಿನ ಕೇಳಿದ.

"ಎಂಥ ಕಷ್ಟ? ಅರ್ಧ ಕನ್ನಡವೇ. ಕಿವಿ ಕೊಟ್ಟು ಕೇಳಿದರೆ ತನ್ನಷ್ಟಕ್ಕೆ ಅರ್ಥ ಆಗ್ತದೆ."

ಬರೀ ಜಂಬಕ್ಕೆ ಅಂದ ಆ ಮಾತು ತನ್ನ ಬದುಕಿಗೇ ಮುಳುವಾಗುತ್ತದೆಂದು ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು?

ಕೊನೆಯ ಹಾಡಿನ ಹಿಂದಿನ ದಿನ ಸುಕುಮಾರ ಅವಳನ್ನು ಬಾವಿಕಟ್ಟೆಯ ಹತ್ತಿರ ತಡೆದ. "ನಾನು ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದ್ದೀನಿ. ನೀವೇನಂತೀರಿ?"

"ನನ್ನ ಬಾಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಅಜ್ಜಿಯ ಹತ್ತಿರ ಕೇಳಿ" ಎಂದು ಕೊಡಪಾನ ಎತ್ತಿಕೊಂಡು ಓಡಿದಳು.

ಅವನು ಕೇಳಿದ. ಅಜ್ಜಿ ಮಗನಿಗೆ ಹೇಳಿದರು. ಜಿನರಾಜಯ್ಯ ಮೀಸೆ ತಿರುವಿ, "ಹುಡುಗಿ ಒಪ್ಪಿದರೆ ನನ್ನದೇನೂ ಇಲ್ಲ. ಅವನ ಹಿರಿಯರು ಬಂದು ಕೇಳಲಿ" ಎಂದರು.

ಮರುದಿನ ಹಾಡು ನಡೆಯುತ್ತಿತ್ತು. ಕ್ಯಾಮೆರಾ ಕಿರ್ರ್ ಎನ್ನುತ್ತಿತ್ತು. ಅಜ್ಜಿಗೆ ಏನು ತಮಾಷೆ ಹೊಳೆಯಿತೋ... ನಡುವೆಯೇ ಹಾಡು ನಿಲ್ಲಿಸಿ, ಸುಕುಮಾರನ ಕಡೆ ಬೆರಳು ತೋರಿಸಿ, ಮೊಮ್ಮಗಳನ್ನು ಕೇಳಿಬಿಟ್ಟರು.

"ಮಗಾ, ಈ ಆಣ್ ನಿಕ್ಕ್ ಬೋಡಾ?"

ಈ ಹುಡುಗ ನಿನಗೆ ಬೇಕಾ?

ರಾಜಮತಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದುಕೊಂಡಳು. ಕತ್ತು ಬಗ್ಗಿತು. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹೇಳಿದಳು.

"ಬೋಡು."

ಬೇಕು ಎಂದಳು. ಅವಳ ಇಡೀ ಜೀವವೇ ಆ ಒಂದು ಮಾತಿನಲ್ಲಿತ್ತು.

ಸುಕುಮಾರ ಕ್ಯಾಮೆರಾದಿಂದ ಕಣ್ಣು ತೆಗೆದ. ಇಯರ್‌ಫೋನ್ ಕಳಚಿದ. ಮುಖ ಬಿಳಿಚಿಕೊಂಡಿತ್ತು.

"ಆಯ್ತು" ಎಂದ, ಅಷ್ಟೇ.

'ಆಯ್ತು ಅಂದರು! ಒಪ್ಪಿದರು!' ಎಂದು ರಾಜಮತಿ ಒಳಗೆ ಓಡಿಹೋಗಿ ಕಂಬಕ್ಕೆ ಒರಗಿ ನಿಂತಳು. ಅವನು ಸಾಮಾನು ಕಟ್ಟಿ, ಮಾವನಿಗೆ ಕೈಮುಗಿದು, "ಬರ್ತೀನಿ" ಎಂದು ಹೊರಟಾಗಲೂ ಅವಳು ಬಾಗಿಲ ಸಂದಿನಿಂದ ನೋಡಿ ನಗುತ್ತಿದ್ದಳು. ಹಿರಿಯರನ್ನು ಕರೆತರಲು ಹೋಗುತ್ತಿದ್ದಾರೆ ಅಂದುಕೊಂಡಿದ್ದಳು!

ಯಾರೂ ಬರಲಿಲ್ಲ.

ಒಂದು ವಾರ, ಎರಡು ವಾರ... ತಿಂಗಳೇ ಕಳೆಯಿತು. ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಜಗಲಿಗೆ ಬರುವಳು. ಬೇಲಿಯ ದಣಪೆ ದಾಟಿ ಬರುವವರು ಬೇರೆ ಯಾರೋ ಆಗಿರುವರು. ಅಷ್ಟರಲ್ಲಿ ಅಜ್ಜಿಯ ಸ್ವರ ಪೂರ್ತಿ ಹೋಯಿತು. ಸಂಜೆಗೆ ಮೊಮ್ಮಗಳ ತಲೆ ಸವರಿ ಸಮಾಧಾನ ಹೇಳಬೇಕಾದ ಬಾಯಿಂದ ಬರೀ ಗಾಳಿ ಹೊರಡುತ್ತಿತ್ತು. ರಾಜಮತಿ ಆ ಮಡಿಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು.

"ಕೇಳಿದವ ಅವನೇ, ಓಡಿದವನೂ ಅವನೇ!" ಎಂದು ಜಿನರಾಜಯ್ಯ ಕಿಡಿಕಾರಿದರು. "ನಾಲ್ಕು ಜನರ ಎದುರು ನಾನು ತಲೆ ಎತ್ತುವುದು ಬೇಡವಾ? ವೇಣೂರಿನ ಗಂಡಿನ ಕಡೆಯವರು ನಾಳೆ ಬರ್ತಾರೆ. ವೀಳ್ಯ ಹಿಡಿಯುವುದೇ."

ವೀಳ್ಯ ಹಿಡಿದರೆ ಮುಗಿಯಿತು. ಆಮೇಲೆ ಹಿಂದೆ ಸರಿಯುವ ಮಾತೇ ಇಲ್ಲ. 'ದೇವರೇ, ನಾಳೆ ಬೆಳಗಾಗದಿರಲಿ...' ಎಂದು ಬೇಡಿಕೊಂಡಳು ಹುಡುಗಿ.

ಅಂದು ಬೆಳಿಗ್ಗೆಯೇ ಅಜ್ಜಿಯನ್ನು ನೋಡಲು ಪದ್ಮಲತಾ ಬಂದಳು. ರಾಜಮತಿಯ ಬಾಲ್ಯದ ಗೆಳತಿ, ಬೆಳ್ತಂಗಡಿಗೆ ಮದುವೆಯಾಗಿ ಹೋದವಳು. ಗೆಳತಿಯ ಮೋರೆ ನೋಡಿ ಗಾಬರಿಯಾದಳು.

"ಇದೆಂಥ ಅವಸ್ಥೆ ನಿನ್ನದು? ಬೇಡ ಅಂತ ಹೇಳಿದ ಮೇಲೆ ಈ ಅಳು ಯಾಕೆ?"

"ಯಾರು ಬೇಡ ಅಂದದ್ದು?"

"ನೀನೇ! ಆ ಕ್ಯಾಮೆರಾದವರು ನಮ್ಮೂರಿನ ಹಾಡು ಹಿಡಿಯಲಿಕ್ಕೆ ಬಂದು ಈಗ ನಮ್ಮ ಮನೆಯಲ್ಲೇ ಇದ್ದಾರೆ. ಅಜ್ಜಿ ಕೇಳಿದ್ದಕ್ಕೆ ನೀನು ಬೇಡ ಅಂದಿಯಂತೆ, ಅವರೇ ಕಿವಿಯಾರೆ ಕೇಳಿದರಂತೆ. ನಮ್ಮವರ ಹತ್ತಿರ ಹೇಳಿಕೊಂಡು ಅತ್ತರು ಮಾರಾಯ್ತಿ. ನಾಳೆ ಬೆಳಿಗ್ಗೆ ಚಾರ್ಮಾಡಿ ಘಾಟಿ ಹತ್ತಿ ಊರಿಗೆ ಹೋಗ್ತಾರೆ."

ರಾಜಮತಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಬೇಡ... ಬೇಡ... ಬೋಡು!

"ಅಯ್ಯೋ!" ಎಂದು ಎದ್ದುಬಿಟ್ಟಳು. "ಪದ್ಮಾ, ನಡಿ! ಬಸ್ಸಿಗೆ ಹೋಗುವ!"

"ಎಲ್ಲಿಗೆ?" ಜಿನರಾಜಯ್ಯ ಬಾಗಿಲಿಗೆ ಅಡ್ಡ ನಿಂತರು. "ಹೊಸ್ತಿಲು ದಾಟಿದರೆ ಈ ಮನೆಗೆ ತಿರುಗಿ ಬರಬೇಡ!"

ಆಗ ಹಾಸಿಗೆಯಿಂದ ಅಜ್ಜಿ ಎದ್ದು ಬಂದರು. ಗೋಡೆ ಹಿಡಿದುಕೊಂಡು ಬಂದು ಮಗನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಇನ್ನೊಂದು ಕೈಯಿಂದ ಮೊಮ್ಮಗಳ ಬೆನ್ನನ್ನು ಅಂಗಳದ ಕಡೆ ತಳ್ಳಿದರು. ತಾಯಿಯ ಕಣ್ಣೀರು ನೋಡಿ ಜಿನರಾಜಯ್ಯ ಬೆಪ್ಪಾಗಿ ನಿಂತರು.

ಬೆಳ್ತಂಗಡಿಯ ಬಸ್ಸು ಅಂದು ಎಲ್ಲ ಕಡೆ ನಿಂತು ನಿಂತು ಹೋಯಿತು. ವೇಣೂರು ಬಂದಾಗ ರಾಜಮತಿ ಮುಖ ಮುಚ್ಚಿಕೊಂಡಳು. ನಾಳೆ ವೀಳ್ಯ ತರುವವರ ಊರು! 'ಕ್ಯಾಮೆರಾದವರು ಇವತ್ತೇ ಹೊರಟುಹೋಗಿದ್ದರೆ? ನಂಬದಿದ್ದರೆ? ನಾನು ಯಾವ ಮನೆಗೆ ಹೋಗುವುದು?' ಪದ್ಮಲತಾ ಅವಳ ಕೈ ಬಿಡದೆ ಹಿಡಿದುಕೊಂಡಿದ್ದಳು.

ಪದ್ಮಲತಾಳ ನೆರೆಮನೆಯಲ್ಲಿ, ಪಾಡ್ದನ ಎಂಬ ತುಳು ಕಥೆಹಾಡು ಹೇಳುವ ಮುದುಕ ಶೀನಪ್ಪನ ಅಂಗಳದಲ್ಲಿ, ಸುಕುಮಾರ ಕ್ಯಾಮೆರಾ ಓಡಿಸುತ್ತಿದ್ದ. ರೆಕಾರ್ಡರ್ ಈಗ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಅದನ್ನೂ ಮೈಕನ್ನೂ ದೂರದಲ್ಲಿ, ಶೀನಪ್ಪನ ಕಾಲಬುಡದಲ್ಲಿ ಇಟ್ಟಿದ್ದ. ಸುತ್ತ ನಿಂತವರೆಲ್ಲ ಬಾಯಿಗೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡಿದರು.

ಸದ್ದು ಮಾಡಬಾರದಂತೆ! ತಿಂಗಳಿಂದ ಸದ್ದಿಲ್ಲದೆ ಸತ್ತದ್ದು ಸಾಕಾಯಿತು ಅವಳಿಗೆ.

"ನಾನು ಬೇಡ ಅನ್ನಲಿಲ್ಲ!"

ಪಾಡ್ದನ ನಿಂತಿತು. ಸುಕುಮಾರ ತಿರುಗಿದ. ಎಷ್ಟು ಸೊರಗಿದ್ದ!

"ರಾಜಮತಿ... ನನ್ನ ಕಿವಿಯಾರೆ ಕೇಳಿದೀನಿ. ಯಾಕೆ ಮತ್ತೆ ನೋಯಿಸ್ತೀರಿ?"

"ಬೇಡ ಅನ್ನಲಿಕ್ಕೆ ನಮ್ಮಲ್ಲಿ ಬೊಡ್ಚಿ ಅನ್ನಬೇಕು. ನಾನು ಅಂದದ್ದು ಬೋಡು! ಬೋಡು ಅಂದರೆ ಬೇಕು... ನೀವು ಬೇಕು ಅಂತ!" ಅವಳು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಅಷ್ಟು ಜನರ ಎದುರು ಅಂದುಬಿಟ್ಟಳು, ನಾಚಿಕೆ ಎಲ್ಲಿ ಹೋಗಿತ್ತೋ.

"ಹೌದು ಮಾರಾಯ್ರೆ," ಎಂದ ಶೀನಪ್ಪ. "ಅದು ಸಣ್ಣ ಮಕ್ಕಳಿಗೂ ಗೊತ್ತುಂಟು."

ಸುಕುಮಾರ ನಿಂತಲ್ಲೇ ಕುಸಿದು ಕುಳಿತ. "ಕ್ಯಾಮೆರಾ ಸದ್ದಲ್ಲಿ ನಂಗೆ ಕೇಳಿಸಿದ್ದು ಬ, ಡ ಅಷ್ಟೇ. ನಡುವಿನದನ್ನ ನನ್ನ ಭಯವೇ ತುಂಬಿಕೊಂಡಿತು. ಅರ್ಧ ಕನ್ನಡ ಅಂದಿದ್ರಲ್ಲ ನೀವು... ಇನ್ನೊಂದ್ಸಲ ಟೇಪ್ ಹಾಕಿ ಕೇಳೋ ಧೈರ್ಯ ಬರ್ಲಿಲ್ಲ."

"ಮತ್ತೆ ಆಯ್ತು ಅಂದದ್ದು?"

"ಎಲ್ಲಾ ಮುಗೀತು ಅಂತ."

"ನೀವು ಒಪ್ಪಿದಿರಿ ಅಂದುಕೊಂಡು ನಾನು ದಾರಿ ಕಾದೆ... ನಾಳೆ ವೇಣೂರಿನವರು ವೀಳ್ಯ ಹಿಡಿಯಲಿಕ್ಕೆ ಬರ್ತಾರೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಅಂಗಳದ ಆಚೆ ಬಾಡಿಗೆ ಕಾರೊಂದು ನಿಂತಿತು. ಇಳಿದವರು ಜಿನರಾಜಯ್ಯ! ರಾಜಮತಿಯ ಜೀವ ಬಾಯಿಗೆ ಬಂತು. ಆದರೆ ಸುಕುಮಾರ ಎದ್ದು ನೇರವಾಗಿ ಅವರ ಎದುರು ಹೋಗಿ ನಿಂತ.

"ತಪ್ಪು ಕೇಳಿಸ್ಕೊಂಡು ಹೊರಟುಹೋದೆ. ಅವರದ್ದೇನೂ ತಪ್ಪಿಲ್ಲ. ನಾಳೆ ಬರೋರಿಗೆ ನಾನೇ ನಿಮ್ಮ ಜಗಲಿಯಲ್ಲಿ ಕೂತು ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ. ಇವರನ್ನ ನನಗೆ ಕೊಡಿ."

ಜಿನರಾಜಯ್ಯ ಅವನನ್ನು ನೋಡಿದರು, ಸೊಸೆಯ ಅತ್ತು ಊದಿದ ಕಣ್ಣು ನೋಡಿದರು.

"ನೀವು ಹೇಳುವುದೆಂಥದು?" ಎಂದರು ಒರಟಾಗಿ. "ವೇಣೂರಿನವರ ಹತ್ತಿರ ಹುಡುಗಿಯನ್ನು ಕೊಡುವುದಿಲ್ಲ ಅಂತ ಹೇಳಬೇಕಾದ್ದು ಮಾವ. ಅವರ ಬೈಗುಳ ನನಗಿರಲಿ. ವೇಣೂರು ದಾರಿಯಲ್ಲೇ ಸಿಗ್ತದೆ, ಇಳಿದು ಹೇಳಿ ಹೋಗುವ. ನೀವು ಸಾಮಾನು ಕಟ್ಟಿ."

ರಾಜಮತಿ ಮಾವನ ಕಾಲಿಗೆ ಬಿದ್ದಳು. ಅವರು ಮುಖ ಅತ್ತ ತಿರುಗಿಸಿ ಕಣ್ಣೊರೆಸಿಕೊಂಡರು.

ಸುಕುಮಾರ ಕ್ಯಾಮೆರಾವನ್ನು ಪೆಟ್ಟಿಗೆಗೆ ಇಡುತ್ತಿದ್ದ. ರಾಜಮತಿ ಹತ್ತಿರ ಹೋಗಿ ನಿಂತಳು.

"ಇನ್ನೊಮ್ಮೆ ಮನಸ್ಸಿಗೆ ಬೇಸರ ಆದರೆ, ಹೀಗೆಯೇ ಹೇಳದೆ ಹೋಗ್ತೀರಾ?"

"ಇಲ್ಲ. ಕೇಳ್ತೀನಿ. ತಿಳೀದಿದ್ರೆ ಮತ್ತೆ ಕೇಳ್ತೀನಿ."

"ಎಷ್ಟು ಸಲ?"

"ನೀವು ಬೇಸತ್ತು ಬೈಯೋವರೆಗೂ."

"ಬೈಗುಳ ನನಗೆ ತುಳುವಿನಲ್ಲೇ ಬರುವುದು..."

"ಬೈಯಿರಿ," ಎಂದ ಸುಕುಮಾರ, ಅವಳ ಕಣ್ಣು ನೋಡುತ್ತ. "ನಿಧಾನವಾಗಿ ಬೈಯಿರಿ."