ಗುಂಡಿನ ಸದ್ದಿಗೆ ಅಂಜಿದವಳು

ಪಿಸ್ತೂಲು ಹಿಡಿದವನ ಮುಖ ಕಂಡದ್ದೇ ತಡ, ಗಂಗಾಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು.

ಅವನೇ... ಸಂಗಮೇಶ್!

ಶಿಕಾರಿಪುರದ ಕ್ರೀಡಾಕೂಟಕ್ಕೆ ಓಟ ಶುರು ಮಾಡಿಸುವ ಸ್ಟಾರ್ಟರ್ ಆಗಿ ಸೊರಬದ ಕಡೆಯ ಮೇಷ್ಟ್ರೊಬ್ಬರು ಬರುತ್ತಾರೆ ಎಂದಷ್ಟೇ ಕೇಳಿದ್ದಳು. ಇವನೇ ಎಂದು ಗೊತ್ತಿದ್ದರೆ ಜ್ವರ ಅಂತ ಹೇಳಿ ತಾಳಗುಂದದ ಮನೆಯಲ್ಲೇ ಮಲಗಿಬಿಡುತ್ತಿದ್ದಳೇನೋ.

ನೂರು ಮೀಟರ್ ಓಟದಲ್ಲಿ ರಾಜ್ಯಕ್ಕೇ ಮೊದಲಿಗಳಾಗಿದ್ದವಳು ಅವಳು. ಮರುವರ್ಷದ ಫೈನಲ್‌ನಲ್ಲಿ, ಗುಂಡು ಹಾರುವ ಮೊದಲೇ ಹೊರಟಳೆಂದು ಇದೇ ಸಂಗಮೇಶ್ ಅವಳನ್ನು ಹೊರಗಿಟ್ಟಿದ್ದ. ಆಮೇಲೆ ಅವಳು ಓಡಲೇ ಇಲ್ಲ, ಕೋಚ್ ಆದಳು. 'ಪಾಪ, ಆ ಸ್ಟಾರ್ಟರ್ ಅನ್ಯಾಯ ಮಾಡಿದ' ಎಂದು ಊರೆಲ್ಲ ಮರುಗಿತು. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ನಿಜ ಗೊತ್ತಿದ್ದದ್ದು ಇಬ್ಬರಿಗೇ. ಸೋಲುವ ಭಯಕ್ಕೆ ಅವಳು ಮೊದಲೇ ಹೊರಟಿದ್ದಳು; ಅಂದೇ ಅವನೊಬ್ಬನೆದುರು ಅದನ್ನು ಒಪ್ಪಿಕೊಂಡಿದ್ದಳು.

ಈಗ ಅವನು ಬಾಯಿಬಿಟ್ಟರೆ? ತನ್ನನ್ನೇ ನಂಬಿಕೊಂಡ ಹುಡುಗಿಯರು ಏನೆಂದುಕೊಂಡಾರು?

ಮೊದಲ ಸುತ್ತಿನಲ್ಲಿ ಅವಳ ಶಿಷ್ಯೆ ಸ್ಪಂದನ ಹೇಗೋ ಫೈನಲ್‌ಗೆ ತೂರಿಕೊಂಡಳು. ಆಗ ಸಂಗಮೇಶ್ ನೇರವಾಗಿ ಇವರತ್ತಲೇ ನಡೆದು ಬಂದ.

"ನಿಮ್ಮ ಹುಡುಗೀರು ಗುಂಡು ಹೊಡೆದ ಮೇಲೂ ಕೂತೇ ಇರ್ತಾರಲ್ಲ ಮೇಡಂ, ಎಂತಕ್ಕೆ? ಪಕ್ಕದವರು ಎದ್ದ ಮೇಲೆ ಏಳ್ತಾರೆ."

"ಮೇಡಂ ಹಂಗೇ ಕಲಿಸ್ಯಾರ ಸರ್," ಸ್ಪಂದನ ಹೆಮ್ಮೆಯಿಂದ ಹೇಳಿದಳು. "ಅವರಿಗಾದಂಗ ನಮಗೂ ಅನ್ಯಾಯ ಆಗಬಾರ್ದು ಅಂತ."

ಸಂಗಮೇಶ್ ತಲೆ ತಗ್ಗಿಸಿದ. ತಿರುಗಿ ಹೊರಟ.

ಒಂದು ಮಾತು ಆಡಿದ್ದರೆ ಅವನ ಮೇಲಿನ ಅಪವಾದ ತೊಳೆದುಹೋಗುತ್ತಿತ್ತು. ಆಡಲಿಲ್ಲ. 'ಇಷ್ಟು ವರ್ಷ ಇದನ್ನೇ ಹೊತ್ತುಕೊಂಡಿದ್ದನೇ... ನಾನೋ, ನನ್ನ ಭಯವನ್ನು ಈ ಮಕ್ಕಳ ಕಾಲಿಗೂ ಕಟ್ಟಿಬಿಟ್ಟೆ...' ಅವಳು ಮುಂದೆ ಹೆಜ್ಜೆ ಇಟ್ಟಳು.

"ನಿಲ್ರಿ ಸರ್," ಎಂದಳು. ದನಿ ತನ್ನದೇ ಅನ್ನಿಸಲಿಲ್ಲ. "ಸ್ಪಂದನ, ಇವರೇನೂ ಅನ್ಯಾಯ ಮಾಡಿಲ್ಲವ್ವಾ. ನಾನೇ ಹೆದರಿ ಮೊದ್ಲೇ ಎದ್ದಿದ್ದೆ. ನಾ ಕಲಿಸಿದ್ದು ಮರ್ತುಬಿಡು. ಸದ್ದು ಕೇಳಿದ ಕೂಡ್ಲೇ ಹೊರಡು."

ಸ್ಪಂದನ ಪಿಳಿಪಿಳಿ ನೋಡಿದಳು. "ಔಟಾದ್ರೆ ಮೇಡಂ?"

"ಆದ್ರೆ ಆಗ್ಲಿ. ನಾನಿರ್ತೀನಿ."

ಫೈನಲ್ ಹೊತ್ತಿಗೆ ಗಂಗಾಶ್ರೀ ಕಣ್ಣು ಮುಚ್ಚಿಕೊಂಡಳು. ಗುಂಡು ಹಾರಿತು. ತಪ್ಪಾದರೆ ವಾಪಸ್ ಕರೆಯುವ ಎರಡನೇ ಗುಂಡು ಎಲ್ಲಿ ಕೇಳಿಸುತ್ತದೋ ಎಂದು ಉಸಿರು ಬಿಗಿಹಿಡಿದಳು... ಕೇಳಿಸಲಿಲ್ಲ. ಕಣ್ಣು ತೆರೆದಾಗ ಸ್ಪಂದನ ಎರಡನೆಯವಳಾಗಿ ಗೆರೆ ದಾಟುತ್ತಿದ್ದಳು. ಜಿಲ್ಲೆಗೆ ಆಯ್ಕೆಯಾಗಲು ಅಷ್ಟು ಸಾಕಿತ್ತು.

ಸಂಜೆ, ಸೊರಬದ ಕಡೆಯ ತನ್ನೂರು ಉಳವಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದ ಸಂಗಮೇಶನ ಪಕ್ಕ ಅವಳು ಬಂದು ನಿಂತಳು.

"ಯಾಕ್ರೀ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮೈದಾನಾನೇ ಬಿಟ್ಟುಬಿಡ್ತೀರೇನೋ ಅಂತ ಹೆದರಿಕೆ. ನಿಮ್ಮ ಓಟ ಅಂದ್ರೆ... ನೀವು ಅಂದ್ರೆ ನಂಗೆ ಇಷ್ಟ. ಆವಾಗಿಂದ್ಲೂ."

ಬಸ್ಸು ಬಂತು. ಅವನು ಹತ್ತಲಿಲ್ಲ.

"ಈಗ್ಲೂ ಹೆದರಿಕೆ ಐತಾ?"

"ಇದೆ. ಬೇಡ ಅಂತೀರೇನೋ ಅಂತ."

ಅವಳು ಮೆಲ್ಲಗೆ ಅವನ ಕೈ ಹಿಡಿದಳು. "ಕೈ ನಡುಗ್ತೈತಲ್ರೀ..."

"ಹಂಗಾದ್ರೆ ಬಿಡಬೇಡಿ."

"ಬಿಡಾಕಂತ ಹಿಡಿದಿಲ್ಲ ನಾನು."